ಅಳಿದ ಹಕ್ಕಿಯ ಜೋಗುಳ

ಅಜ್ಜಂದಿರ ಕಾಲದಲ್ಲಿ ಮನುಷ್ಯರೇ ಕೊಂದು ಮುಗಿಸಿದ್ದ ಹಕ್ಕಿಯನ್ನು ಅಣ್ಣ ಮತ್ತೆ ಹುಟ್ಟಿಸಿದ್ದ. ವಸ್ತುಸಂಗ್ರಹಾಲಯದ ಒಣಗಿದ ಗರಿಯಿಂದ, ಸಾರಸದ ಮೊಟ್ಟೆಯೊಳಗೆ. ಪೇಪರಿನವರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಸಾಕುವ ಕೆಲಸ ಮಾತ್ರ ತಂಗಿಯ ತಲೆಗೆ ಬಿತ್ತು. ಪ್ರಯೋಗಾಲಯದವರು ಅವಳನ್ನು 'ಬಾಣಂತಿ' ಎಂದು ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ಜಾತಿಯ ದನಿ ಲೋಕದಲ್ಲಿ ಉಳಿದದ್ದು ಒಂದೇ ಒಂದು ಹಳೆಯ ರೆಕಾರ್ಡಿನಲ್ಲಿ. ಮರಿಗೆ ತಾಯಿಯ ದನಿ ಬೇಡವೇ ಎಂದು ಪ್ರತಿ ಊಟಕ್ಕೂ ಅದನ್ನೇ ಹಾಕಿದರು. ದನಿ ಬಂದೊಡನೆ ಮರಿ ಕಣ್ಣು ಮುಚ್ಚಿ ನೆಲಕ್ಕಂಟಿ ಕೂರುತ್ತಿತ್ತು; ಕೊಕ್ಕಿಗಿಟ್ಟದ್ದನ್ನು ಹಾಗೆಯೇ ನುಂಗುತ್ತಿತ್ತು.

"ನೋಡೇ, ಎಷ್ಟು ಹಾಯಾಗಿದೆ," ಎಂದು ಅಣ್ಣ ಹಿಗ್ಗಿದ್ದ.

ಒಂದು ಬೆಳಿಗ್ಗೆ ಕಿಟಕಿ ತೆರೆದೇ ಇತ್ತು. ದನಿ ಹಿತ್ತಲಿನಲ್ಲಿ ಸಾಕಿದ್ದ ಸಾರಸಗಳ ಕಿವಿಗೂ ಬಿತ್ತು. ದೊಡ್ಡವು ಗಾಬರಿಯಿಂದ ರೆಕ್ಕೆ ಬಿಚ್ಚಿದವು. ಅವುಗಳ ಮರಿಗಳು, ಗಿಡುಗ ಬಂದಾಗ ಮಾಡುವಂತೆಯೇ, ಕಣ್ಣು ಮುಚ್ಚಿ ನೆಲಕ್ಕಂಟಿದವು. ಆಗ ಅವಳಿಗೆ ಹೊಳೆಯಿತು. ಅದು ಜೋಗುಳವೇ ಅಲ್ಲ, ಹಿಡಿಯಲು ಬಂದವರನ್ನು ಕಂಡ ಹಕ್ಕಿಯ ಚೀತ್ಕಾರ.

"ಅಣ್ಣಾ, ಹುಟ್ಟಿದಾಗಿಂದ ನಾವು ಮರೀನ ಹೆದರಿಸ್ತಾನೇ ಇದೀವಿ. ಪಕ್ಕದ ಕೋಣೇಲಿರೋ ಉಳಿದ ಮೊಟ್ಟೆಗಳಿಗೆ ಕಾವು ಕೊಡೋದು ನಿಲ್ಲಿಸಿಬಿಡು."

"ಹುಚ್ಚಿ! ಜೊತೆಗೆ ಇನ್ನಷ್ಟು ಮರಿಗಳಾದ್ರೆ ಭಯ ತಾನಾಗೇ ಹೋಗುತ್ತೆ."

"ಧೈರ್ಯ ಹೇಳೋಕೆ ತಾಯಿ ಬೇಕಲ್ಲ? ಅವಳನ್ನ ಎಲ್ಲಿಂದ ತರ್ತೀಯ?"

ಅಣ್ಣ, ಬೇಕಿದ್ದರೆ ರೆಕಾರ್ಡು ನಿಲ್ಲಿಸಿಕೋ ಎಂದು ಕೈತೊಳೆದುಕೊಂಡ.

ನಿಲ್ಲಿಸಿದಳು. ಮರಿ ತಿನ್ನುವುದನ್ನೇ ಬಿಟ್ಟಿತು. ಭಯವಿಲ್ಲದೆಯೂ ಊಟ ಉಂಟು ಎಂದು ಅದಕ್ಕೆ ಕಲಿಸಿದವರಾದರೂ ಯಾರು? ಮುದ್ದಿಸಿದಳು, ಬೇಡಿಕೊಂಡಳು, ಸಾರಸಗಳ ಜೊತೆ ಬಿಟ್ಟು ನೋಡಿದಳು. ಅವು ಕುಕ್ಕಿ ಓಡಿಸಿದವು. ಮರಿಯ ಎಲುಬು ಕೈಗೆ ಸಿಗತೊಡಗಿದಾಗ ತನ್ನ ಕೈಯಾರೆ ಆ ಚೀತ್ಕಾರವನ್ನು ಹಾಕಿದಳು. ಮರಿ ನಡುಗುತ್ತ ನೆಲಕ್ಕಂಟಿ, ಕಣ್ಣು ಮುಚ್ಚಿ, ಕೊಕ್ಕು ತೆರೆಯಿತು. ಅವಳು ಅಳುತ್ತ ಮೀನಿನ ಚೂರು ಇಟ್ಟಳು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅಣ್ಣ ಕೂಗಿಕೊಂಡ. "ಇನ್ನೊಂದು ಮೊಟ್ಟೆ ಒಡೀತಿತ್ತು ಕಣೇ! ಆ ದನಿ ಕೇಳಿ ಮರಿ ಒಳಗೇ ಸುಮ್ಮನಾಗಿಬಿಟ್ಟಿದೆ. ಉಸಿರುಕಟ್ಟುತ್ತೆ, ನಿಲ್ಲಿಸೇ ಅದನ್ನ!"

ಮೊಟ್ಟೆಯಿಂದ ಹೊರಗೆ ಬಂದು ಆ ಮರಿ ಕಲಿಯುವುದಾದರೂ ಏನನ್ನು ಎನಿಸಿತು ಅವಳಿಗೆ. ಅಣ್ಣನ ಹೆಜ್ಜೆ ಹತ್ತಿರವಾಗುತ್ತಿತ್ತು. ಅವಳು ಎದ್ದು, ರೆಕಾರ್ಡು ನಿಲ್ಲಿಸದೆ, ಬಾಗಿಲಿಗೆ ಅಗುಳಿ ಹಾಕಿದಳು. ಮರಳಿ ಕೂತು, ಇನ್ನೊಂದು ಚೂರು ಮೀನು ಎತ್ತಿಕೊಂಡಳು.