ಮೂರನೇ ರಾಣಿಯ ತಲೆಕಟ್ಟು

"ರಕ್ತ ಇರಬಾರದು," ಎಂದರು ಶಾಲೆಯ ದೊಡ್ಡ ಮೇಡಂ.

ನಾಟಕದ ಮೇಷ್ಟ್ರು ಬರೆದುಕೊಂಡರು.

"ಮುತ್ತು ಇರಬಾರದು."

ಅದನ್ನೂ ಬರೆದುಕೊಂಡರು.

"ಮತ್ತು," ಎಂದು ಮೇಡಂ ಒಂದು ಗುಟುಕು ಚಹಾ ಕುಡಿದರು.

ಮೇಷ್ಟ್ರು ಪೆನ್ಸಿಲ್ ಎತ್ತಿ ಹಿಡಿದು ಕಾದರು. ಇನ್ನೊಂದು ಗುಟುಕೂ ಮುಗಿಯಿತು. "ಹೇಳಿ ಮೇಡಂ. ಮತ್ತು?"

"ಮತ್ತು."

"ಅದೇ, ಮತ್ತು ಏನು ಅಂತ?"

"ಮತ್ತು ಏನೂ ಇಲ್ಲ ರೀ, ಮತ್ತು ಅಷ್ಟೇ! ಅಮಲು! ಆ ಮೊದಲನೇ ರಾಣಿ ಸ್ಟೇಜಿನ ಮೇಲೆ ಬಟ್ಟಲು ಹಿಡಕೊಂಡು ತೂರಾಡ್ತಾಳಲ್ಲ, ಅದು ಇರಬಾರದು."

ರಕ್ತ, ಮುತ್ತು, ಮತ್ತು. ಈ ಮೂರನ್ನು ಜೇಬಿನಲ್ಲಿಟ್ಟುಕೊಂಡು ಮೇಷ್ಟ್ರು ಮೇಡಂ ಕೋಣೆಯಿಂದ ಹೊರಬಿದ್ದಾಗ, ಇಡೀ ನಾಟಕದಲ್ಲಿ ಈ ಮೂರನ್ನು ಬಿಟ್ಟರೆ ಉಳಿಯುವುದು ಪರದೆ ಮಾತ್ರ ಎಂದು ಅವರಿಗೆ ಹೊಳೆಯಿತು. ಆ ಪರದೆಯೂ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ನಾಟಕದ ಹೆಸರು 'ಐದು ರಾಣಿ, ಒಂದು ಮೈಕು'. ದೊಡ್ಡವರ ರಂಗಮಂದಿರದಲ್ಲಿ ಮೂರು ವರ್ಷ ಕಿವಿ ಗಡಚಿಕ್ಕುವಂತೆ ಓಡಿದ ಪಾಪ್ ಸಂಗೀತ ನಾಟಕ. ಒಂದೇ ಸಿಂಹಾಸನದ ಮೇಲೆ ಬೇರೆಬೇರೆ ಕಾಲದಲ್ಲಿ ಕೂತೆದ್ದ ಐದು ರಾಣಿಯರು ಇತಿಹಾಸದ ಪುಸ್ತಕದಿಂದ ಎದ್ದು ಬಂದು, ನನ್ನ ಕಷ್ಟ ದೊಡ್ಡದೋ ನಿನ್ನ ಕಷ್ಟ ದೊಡ್ಡದೋ ಎಂದು ಒಂದೇ ಮೈಕಿಗೆ ಕಿತ್ತಾಡುತ್ತಾರೆ. ಅದನ್ನು ಶಾಲೆಯ ಮಕ್ಕಳಿಂದ ಮಾಡಿಸಲು ಅನುಮತಿ ಬಂದಿತ್ತು. 'ಮಕ್ಕಳ ವಯಸ್ಸಿಗೆ ತಕ್ಕಂತೆ ತಿದ್ದಿಕೊಳ್ಳಬಹುದು' ಎಂಬ ಒಂದು ಸಾಲೂ ಆ ಪತ್ರದಲ್ಲಿತ್ತು. ಬರೆದವರು ಆ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದರು. ತಿದ್ದುವ ಕರ್ಮ ಮೇಷ್ಟ್ರದು.

ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಮಿಮಿ ಮೇಷ್ಟ್ರು. ಮಿಮಿಕ್ರಿ ಅವರಿಗೆ ಉಸಿರಾಟದ ಹಾಗೆ. ನಿಲ್ಲಿಸು ಎಂದರೆ ಮುಖ ಕೆಂಪಗಾಗುತ್ತಿತ್ತು. ಸಭಾಂಗಣದ ಫ್ಯಾನು ಕಿರುಗುಡುವುದು, ಶಾಲೆಯ ಬಸ್ಸು ಹಿಂದಕ್ಕೆ ಬರುವಾಗ ಅಳುವುದು, ಎಲ್ಲವೂ ಅವರ ಗಂಟಲಲ್ಲಿತ್ತು. ಅವರ ಮೇರು ಕೃತಿ ಮಾತ್ರ ದೊಡ್ಡ ಮೇಡಂ. ಮೇಡಂ ಓದದೆ ಯಾವುದಕ್ಕೂ ಸಹಿ ಹಾಕುವವರಲ್ಲ. ತಮಗೇ ಬಂದ ಹುಟ್ಟುಹಬ್ಬದ ಕಾರ್ಡಿನಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿ, ಆಮೇಲೆ ಥ್ಯಾಂಕ್ಸ್ ಹೇಳಿದ್ದವರು. ಯಾವ ಕಾಗದ ಮುಂದಿಟ್ಟರೂ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೇರಿಸಿ, "ಇಡಿ ಅಲ್ಲಿ. ಓ...ದಿ ನೋಡ್ತೀನಿ," ಎನ್ನುತ್ತಿದ್ದರು. ಆ 'ಓ' ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ಇಳಿದು, 'ದಿ'ಗೆ ಬಂದು ಬ್ರೇಕ್ ಹಾಕುತ್ತಿತ್ತು. ಸ್ಟಾಫ್ ರೂಮಿನ ಬಾಗಿಲು ಮುಚ್ಚಿದೆ ಎಂದು ಎರಡು ಸಲ ನೋಡಿಕೊಂಡ ಮೇಲೆ ಮೇಷ್ಟ್ರು ಅದನ್ನು ಮಾಡಿ ತೋರಿಸುತ್ತಿದ್ದರು. ಎದುರಿಗೆ ಮೇಡಂ ಇದ್ದಾಗ ಮಾತ್ರ ಅವರ ಬಾಯಿಂದ ಬರುತ್ತಿದ್ದುದು "ಹೂಂ ಮೇಡಂ" ಒಂದೇ.

ತಿದ್ದುವ ಕೆಲಸ ಶುರುವಾಯಿತು. ಮೊದಲನೇ ರಾಣಿಯ ಬಟ್ಟಲಿಗೆ ನಿಂಬೆ ಶರಬತ್ತು ಬಿತ್ತು. ಎರಡನೇ ರಾಣಿ ಏಳು ಜನಕ್ಕೆ ಪ್ರೇಮಪತ್ರ ಬರೆದವಳು. ಅವೆಲ್ಲ ರಜಾಪತ್ರಗಳಾದವು, ಹಾಡಿನ ಮಾತ್ರೆ ಒಂದಿಷ್ಟೂ ಕದಲಲಿಲ್ಲ. ನಾಲ್ಕನೇ ರಾಣಿಗೆ ಮೂವರು ಸವತಿಯರು. ಮೇಷ್ಟ್ರು ಅವರನ್ನು ಸಹಪಾಠಿಗಳನ್ನಾಗಿ ಮಾಡಿದರು. ಜಗಳಗಳಲ್ಲಿ ಒಂದಕ್ಷರವೂ ಬದಲಾಯಿಸಬೇಕಾಗಿ ಬರಲಿಲ್ಲ. ಊರಿಗೆ ಬೆಂಕಿ ಹಚ್ಚಿದ ಐದನೇ ರಾಣಿ ದೀಪ ಹಚ್ಚಿದಳು. ರಾಜಕುಮಾರ 'ಮುತ್ತು ಕೊಟ್ಟ' ಎಂಬ ಸಾಲನ್ನು ಹಾಗೇ ಬಿಟ್ಟು, ಅವನ ಕೈಗೆ ಒಂದು ಪ್ಲಾಸ್ಟಿಕ್ ಮುತ್ತಿನ ಸರ ಕೊಟ್ಟರು. ಮಾತು ಹಳೆಯದೇ, ಮುತ್ತು ಹೊಸದು.

ಉಳಿದವಳು ಮೂರನೇ ರಾಣಿ.

ಅವಳ ಕಥೆಯಲ್ಲಿ ರಕ್ತ ತಪ್ಪಿಸಲು ದಾರಿಯೇ ಇರಲಿಲ್ಲ. ಅಪ್ಪ ಸತ್ತ ಮರುದಿನ ಸಿಂಹಾಸನದ ಮೇಲೆ ಕೂರಿಸಿದರು. ಮಂತ್ರಿಗಳು ಕಾಗದಗಳ ಕಟ್ಟು ತಂದು ಸಹಿ ಹಾಕು ಎಂದರು. ಅವಳು ಓದಿ ನೋಡ್ತೀನಿ ಎಂದಳು. ಓದಿದಳು. ಓದಿದ ಮೇಲೆ ಹಾಕಲ್ಲ ಎಂದಳು. ಹಾಡಿನ ಪಲ್ಲವಿಯೇ ಅದು:

*ಸಹಿ ಹಾಕು ಅಂದರು, ಓದಿ ನೋಡ್ತೀನಿ ಅಂದೆ,*
*ಅಷ್ಟಕ್ಕೇ, ಅಷ್ಟಕ್ಕೇ ನನ್ನ ತಲೆ ಕಡಿಸಿದರು.*

ಈ ಪಾತ್ರ ಮಾಡುವವಳು ಮೇಷ್ಟ್ರ ಅಕ್ಕನ ಮಗಳು. ಹನ್ನೊಂದು ವರ್ಷ. ಗಿಡ್ಡಕ್ಕೆ, ಸಪೂರಕ್ಕೆ, ಚೂಪಾಗಿ ಇದ್ದುದರಿಂದ ಮನೆಯಲ್ಲೂ ಶಾಲೆಯಲ್ಲೂ ಗುಂಡುಪಿನ್ನು. ಮೂರು ತಿಂಗಳಿಂದ ಮಲಗುವಾಗ, ಏಳುವಾಗ, ಹಲ್ಲುಜ್ಜುವಾಗ ಇದೇ ಹಾಡು. ಅದನ್ನು ಮುಟ್ಟಲು ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಆದರೂ ಮಂತ್ರಿಗಳ ಕಾಟಕ್ಕೆ ತಲೆನೋವು ಬಂದು ರಾಣಿ ವಿಶ್ರಾಂತಿಗೆ ಹೋದಳು ಎಂದು ಬರೆದು, ಗುರುವಾರ ಸಂಜೆ ಅಕ್ಕನ ಮನೆಗೆ ಹೋದರು.

ಅಕ್ಕ ದರ್ಜಿ. ಮುಂಗೋಣೆಯ ತುಂಬ ಐದು ರಾಣಿಯರ ಲಂಗಗಳು ನೇತಾಡುತ್ತಿದ್ದವು. ಎರಡು ಹಳೆಯ ಕಿಟಕಿ ಪರದೆಗಳು ನಾಲ್ಕನೇ ರಾಣಿಯಾಗುವ ಹಂತದಲ್ಲಿದ್ದವು. ಗುಂಡುಪಿನ್ನು ನೆಲದ ಮೇಲೆ ಕೂತು ರಟ್ಟಿನ ಕಿರೀಟಕ್ಕೆ ಬಂಗಾರದ ಕಾಗದ ಅಂಟಿಸುತ್ತ ಹೊಸ ಸಾಲು ಓದಿದಳು.

"ಮಾವ, ತಲೆನೋವಿಗೆ ಯಾರಾದ್ರೂ ಹಾಡು ಬರೀತಾರಾ? ಮಾತ್ರೆ ಬರೀತಾರೆ."

"ಅಬ್ಬಾ, ನಾಲಿಗೆ ನೋಡು!" ಎಂದಳು ಅಕ್ಕ, ಹೊಲಿಗೆ ಯಂತ್ರ ನಿಲ್ಲಿಸದೆ. "ಥೇಟ್ ನೀನೇ ಕಣೋ."

"ನೋಡು ಪುಟ್ಟ, ಇದು ಚಿಕ್ಕ ಮಕ್ಕಳ ನಾಟಕ. ತಲೆ ಗಿಲೆ ಕಡಿಯೋದು ನಿಮ್ಮ ವಯಸ್ಸಿಗೆ—"

"ಅವಳಿಗೆಷ್ಟು ವಯಸ್ಸು?"

"ಯಾರಿಗೆ?"

"ರಾಣಿಗೆ." ಗುಂಡುಪಿನ್ನು ಎದ್ದು, ಮೂಲ ನಾಟಕದ ಪುಸ್ತಕ ತಂದು, ಕೊನೆಯ ಪುಟದ ಸಣ್ಣಕ್ಷರದ ಟಿಪ್ಪಣಿಯ ಮೇಲೆ ಅಂಟು ಬೆರಳಿಟ್ಟಳು. ದೊಡ್ಡ ರಂಗಮಂದಿರದಲ್ಲಿ ಆ ಪಾತ್ರ ಮಾಡುತ್ತಿದ್ದವಳು ಮೂವತ್ತು ದಾಟಿದ ನಟಿ. ಹಾಗಾಗಿ ಯಾರೂ ಗಮನಿಸಿರಲಿಲ್ಲ, ಮೇಷ್ಟ್ರೂ ಸೇರಿ. 'ಪಟ್ಟಕ್ಕೇರಿದಾಗ ಹತ್ತು ವರ್ಷ. ಸತ್ತಾಗ ಹನ್ನೊಂದು.'

"ಅವಳಿಗೆ ಹನ್ನೊಂದು, ನನಗೂ ಹನ್ನೊಂದು. ಅವಳಿಗೆ ಆಗಿದ್ದನ್ನ ಬರೀ ಹಾಡೋಕೂ ನನಗೆ ವಯಸ್ಸಾಗಿಲ್ವಾ ಮಾವ?"

ಯಂತ್ರ ನಿಂತಿತು. ದಾರ ಕಡಿದಿರಲಿಲ್ಲ, ಆದರೂ ನಿಂತಿತು.

ಉತ್ತರ ಹೊಳೆಯದಿದ್ದಾಗ ಮೇಷ್ಟ್ರಿಗೆ ಪನ್ ಹೊಳೆಯುತ್ತದೆ. ಅಲ್ಲೇ ಬಿದ್ದಿದ್ದ ದರ್ಜಿಯ ಸೀಮೆಸುಣ್ಣ ತೆಗೆದುಕೊಂಡು ಕತ್ತರಿಸುವ ಮೇಜಿನ ಮೇಲೆ ದೊಡ್ಡದಾಗಿ ಬರೆದರು: ಕಡಿಸಿದರು.

"ಈಗ ನೋಡು. ಈ 'ಕ' ತಲೆ ಮೇಲೆ ಏನಿದೆ? ತಲೆಕಟ್ಟು. ಅದನ್ನ ತೆಗೀತೀನಿ." ಬೆರಳಿಂದ ಒರೆಸಿದರು. "ಎತ್ವ ಇಡ್ತೀನಿ. ಏನಾಯ್ತು?"

"ಕೆಡಿಸಿದರು."

"ನನ್ನ ತಲೆ ಕೆಡಿಸಿದರು! ಅಕ್ಷರದ ತಲೆಕಟ್ಟು ಹೋಯ್ತು, ರಾಣಿಯ ತಲೆ ಉಳೀತು! ಮೇಡಂಗೆ ರಕ್ತ ಇಲ್ಲ, ನಿನಗೆ ತಲೆನೋವಿಲ್ಲ. ಬರೀ ಒಂದು ಎತ್ವ!"

ಅಕ್ಕ ಬಿದ್ದು ಬಿದ್ದು ನಕ್ಕಳು. ಗುಂಡುಪಿನ್ನು ಮೇಜನ್ನೇ ನೋಡುತ್ತ ನಿಂತಿದ್ದಳು.

"ಚೆನ್ನಾಗಿದೆ ಮಾವ," ಎಂದಳು ಕೊನೆಗೆ. ಅವಳು ಚೆನ್ನಾಗಿದೆ ಎಂದದ್ದು ಯಾಕೋ ಮೇಷ್ಟ್ರಿಗೆ ಚೆನ್ನಾಗಿ ಕೇಳಿಸಲಿಲ್ಲ. "ಆದ್ರೆ ಅವಳು ತಮಾಷೆಗೆ ಸತ್ತಿಲ್ಲ."

"ಶನಿವಾರ ಮೇಡಂ ನೋಡಿ ಸಹಿ ಹಾಕದಿದ್ರೆ ನಾಟಕವೇ ಇಲ್ಲ ಪುಟ್ಟ. ಮೂರು ತಿಂಗಳ ಕೆಲಸ. ಇಪ್ಪತ್ತಮೂರು ಮಕ್ಕಳು."

"ಗೊತ್ತು," ಎಂದು ಅವಳು ಕಿರೀಟಕ್ಕೆ ಅಂಟು ಹಚ್ಚತೊಡಗಿದಳು.

ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಬ್ಯಾಡ್ಮಿಂಟನ್ ನೆಟ್ ಸುತ್ತಿಟ್ಟು, ನಡುವೆ ಒಂದೇ ಒಂದು ಕುರ್ಚಿ ಹಾಕಲಾಯಿತು. ಆ ಕುರ್ಚಿಯಲ್ಲಿ ದೊಡ್ಡ ಮೇಡಂ, ತೊಡೆಯ ಮೇಲೆ ನಾಟಕದ ಪ್ರತಿ, ಕೈಯಲ್ಲಿ ಕೆಂಪು ಪೆನ್ನು. ಡ್ರಮ್ಮಿಗೆ ಪಿ.ಟಿ. ಮೇಷ್ಟ್ರು. ಅವರಿಗೆ ತಾಳ ಗೊತ್ತಿದ್ದದ್ದು ಕವಾಯತಿನ ಲೆಕ್ಕದಲ್ಲಿ. ಹಾಗಾಗಿ ಐದೂ ರಾಣಿಯರು ಎಡಗಾಲು ಮುಂದಿಟ್ಟೇ ಬರುತ್ತಿದ್ದರು. ಪರದೆ ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿತು. ರಾಣಿಯರು ಬಗ್ಗಿ ಒಳಬಂದರು.

ಶರಬತ್ತು ಪಾಸಾಯಿತು. ರಜಾಪತ್ರದ ಹಾಡಿಗೆ ಮೇಡಂ ತುಟಿಯ ಒಂದು ತುದಿ ಅಲುಗಿತು. ಮುತ್ತಿನ ಸರ ಬಂದಾಗ ಪ್ರತಿಯತ್ತ ನೋಡಿ, ವೇದಿಕೆಯತ್ತ ನೋಡಿ, ಮೇಷ್ಟ್ರತ್ತ ನೋಡಿ, ಏನೂ ಬರೆಯದೆ ಪುಟ ತಿರುಗಿಸಿದರು. ಮೈಕಿಗಾಗಿ ಎಲ್ಲರ ಜೊತೆ ಕಿತ್ತಾಡಿ ಮೂರನೇ ರಾಣಿ ಕೊನೆಗೆ ಹಾಡಬೇಕು. ಗುಂಡುಪಿನ್ನು ಕಿರೀಟ ಸರಿಮಾಡಿಕೊಂಡು ಮುಂದೆ ಬಂದಳು.

*ಸಹಿ ಹಾಕು ಅಂದರು...*

ಇಲ್ಲಿ ಅವಳು ಇಲ್ಲದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೇರಿಸಿದಳು.

*ಓ...ದಿ ನೋಡ್ತೀನಿ ಅಂದೆ!*

ಇಳಿಜಾರಿನ ಸೈಕಲ್ಲು. ಬ್ರೇಕ್ ಸಮೇತ.

ತಪ್ಪು ಯಾರದೆಂದು ಮೇಷ್ಟ್ರಿಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ಈ ಸಾಲನ್ನು ಹೇಳಿಕೊಟ್ಟವರು ಅವರೇ. 'ಓದಿ ನೋಡ್ತೀನಿ' ಎಂಬ ಮಾತು ಅವರ ಗಂಟಲಲ್ಲಿದ್ದದ್ದು ಒಂದೇ ದನಿಯಲ್ಲಿ. ಪಳಗಿದ ನಾಲಿಗೆ ತನಗೆ ಅರಿವಿಲ್ಲದೆ ಆ ದನಿಯನ್ನೇ ಹೇಳಿಕೊಟ್ಟಿತ್ತು, ಹುಡುಗಿ ನಿಷ್ಠೆಯಿಂದ ಕಲಿತಿದ್ದಳು. ಅವರು ಅಷ್ಟು ದಿನ ಕೇಳಿಯೂ ಕೇಳಿಸಿಕೊಂಡಿರಲಿಲ್ಲ. ಈಗ ದನಿಯ ಒಡತಿ ಎದುರಿಗೇ ಕೂತಿರುವಾಗ ಕೇಳಿಸಿತು.

ಕೆಂಪು ಪೆನ್ನು ಗಾಳಿಯಲ್ಲಿ ನಿಂತಿತು.

*ಅಷ್ಟಕ್ಕೇ, ಅಷ್ಟಕ್ಕೇ ನನ್ನ ತಲೆ ಕೆಡಿಸಿದರು!*

ಇಪ್ಪತ್ತೆರಡು ಮಕ್ಕಳು ಕಿವಿಯ ಪಕ್ಕ ಬೆರಳು ತಿರುಗಿಸಿ ಕಣ್ಣು ಗಿರಗಿರ ಮಾಡಿದರು. ಢಂ ಎಂದಿತು ಡ್ರಮ್ಮು. ಎರಡನೇ ಸಲವೂ ಓ...ದಿ, ಎರಡನೇ ಸಲವೂ ಕೆಡಿಸಿದರು, ಎರಡನೇ ಸಲವೂ ಢಂ. ಮೂರನೇ ಸಲ ಗುಂಡುಪಿನ್ನು ಕುಣಿಯುವುದನ್ನು ನಿಲ್ಲಿಸಿದಳು. ಕಿರೀಟ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

*ಅಷ್ಟಕ್ಕೇ, ಅಷ್ಟಕ್ಕೇ ನನ್ನ ತಲೆ ಕಡಿಸಿದರು.*

ಢಂ ಬರಲಿಲ್ಲ. ಪಿ.ಟಿ. ಮೇಷ್ಟ್ರ ಕೋಲು ಮೇಲೆಯೇ ಉಳಿಯಿತು. ಇಪ್ಪತ್ತೆರಡು ಬೆರಳುಗಳು ಕಿವಿಯ ಪಕ್ಕದಲ್ಲಿ ಹೆಪ್ಪುಗಟ್ಟಿದವು. ಫ್ಯಾನು ಮಾತ್ರ ಕಿರುಗುಡುತ್ತಿತ್ತು.

"ಮೇಷ್ಟ್ರೇ," ಎಂದರು ಮೇಡಂ, ತಿರುಗದೆ. "ಅಲ್ಲೊಂದು ಎತ್ವ ಬಿದ್ದುಹೋಯ್ತಲ್ಲ?"

ತಪ್ಪಿಸಿಕೊಳ್ಳುವ ಬಾಗಿಲು ಹಾರುಹೊಡೆದಿತ್ತು. 'ಮಕ್ಕಳು ಮೇಡಂ, ನಾಲಿಗೆ ಹೊರಳಲ್ಲ, ತಿದ್ದಿಸ್ತೀನಿ' ಎಂದರೆ ಮುಗಿಯಿತು. ಹಾಗೆನ್ನಲು ಗಂಟಲಲ್ಲಿ ಹತ್ತಾರು ದನಿಗಳು ಸಾಲುಗಟ್ಟಿ ನಿಂತಿದ್ದವು: ವಿನಯದ್ದು, ವಾರ್ತೆ ಓದುವವರದ್ದು, ಶೀತವಾದವರದ್ದು. ಮೇಷ್ಟ್ರು ವೇದಿಕೆಯ ಕಡೆ ನೋಡಿದರು. ಕಿರೀಟ ಹಿಡಿದು ನಿಂತ ಹುಡುಗಿ ಅವರನ್ನೇ ನೋಡುತ್ತಿದ್ದಳು. ಬಾಯಿ ತೆರೆದಾಗ ಒಂದು ತೆಳ್ಳಗಿನ, ಒರಟು ದನಿ ಬಂತು. ಯಾರದ್ದಪ್ಪ ಇದು ಎಂದು ಅರೆಕ್ಷಣ ಅವರೇ ಗುರುತು ಹಿಡಿಯಲಿಲ್ಲ. ಅವರದ್ದೇ.

"ಬಿದ್ದಿದ್ದಲ್ಲ ಮೇಡಂ. ಬಿಟ್ಟಿದ್ದು."

"ಯಾರು?"

"ನಾನು," ಎಂದರು ಮೇಷ್ಟ್ರು.

"ಸುಳ್ಳು ಮೇಡಂ. ಹಾಕಿದ್ದು ಮಾವ, ತೆಗೆದಿದ್ದು ನಾನು," ಎಂದಳು ಗುಂಡುಪಿನ್ನು.

"ಯಾಕೆ?"

"ಅವಳು ಓದಿ ನೋಡ್ತೀನಿ ಅಂದಿದ್ದಕ್ಕೆ ಸತ್ತಿದ್ದು ಮೇಡಂ. ಹನ್ನೊಂದು ವರ್ಷಕ್ಕೆ. ನೀವೂ ದಿನಾ ಅದನ್ನೇ ಹೇಳ್ತೀರ, ನಿಮಗೆ ಯಾರೂ ಏನೂ ಮಾಡಲ್ಲ. ಅವಳಿಗೆ ಮಾಡಿದ್ರು. ಅದನ್ನ ತಲೆ ಕೆಟ್ಟಿತ್ತು ಅಂತ ಹಾಡಿದ್ರೆ..." ಅವಳು ಕಿರೀಟವನ್ನು ಒಮ್ಮೆ ತಿರುಗಿಸಿದಳು. "ಮಂತ್ರಿಗಳೂ ಹಾಗೇ ಹೇಳಿರ್ತಾರೆ ಅಲ್ವಾ ಮೇಡಂ? ಅವಳಿಗೆ ತಲೆ ಕೆಟ್ಟಿತ್ತು ಅಂತ?"

ದೊಡ್ಡ ಮೇಡಂ ಪ್ರತಿಯ ಮೊದಲ ಪುಟಕ್ಕೆ ಹೋದರು. ಅಲ್ಲಿಂದ ಒಂದೊಂದೇ ಪುಟ ಮಗುಚುತ್ತ ಬಂದರು. ಮೂರನೇ ರಾಣಿಯ ಹಾಡಿಗೆ ಬಂದಾಗ ಕೆಂಪು ಪೆನ್ನು ಕೆಳಗಿಳಿಯಿತು. ಒಂದು ಸಣ್ಣ ಗೀಟು: ಎತ್ವ ಹೋಯಿತು. ಒಂದು ಸಣ್ಣ ಕೊಕ್ಕೆ: ತಲೆಕಟ್ಟು ಬಂತು. ಮೂರು ಕಡೆ ಅಲ್ಲ, ಕೊನೆಯ ಒಂದೇ ಕಡೆ.

"ಮೊದಲೆರಡು ಸಲ ಕೆಡಿಸಿದರು ಅಂತಾನೇ ಇರಲಿ. ನಗಲಿ. ನಗ್ತಾ ಇರೋವಾಗಲೇ ಕೊನೇದು ಬರಬೇಕು," ಎಂದರು. ಕೆಂಪು ಕೊಕ್ಕೆಯನ್ನು ನೋಡಿ, "ರಕ್ತ ಇಷ್ಟು ಸಾಕು," ಎಂದು ಕೊನೆಯ ಪುಟಕ್ಕೆ ಸಹಿ ಹಾಕಿದರು.

ಆಗ ಬಿತ್ತು ನೋಡಿ, ಢಂ. ಪಿ.ಟಿ. ಮೇಷ್ಟ್ರ ಕೈ ಸೋತಿತ್ತು. ಇಪ್ಪತ್ತೆರಡು ಮಕ್ಕಳು ಕಿರುಚಿದರು. ನಾಲ್ಕನೇ ರಾಣಿಯ ಪರದೆ ಲಂಗ ಒಬ್ಬ ಸಹಪಾಠಿಯ ಕಾಲಿಗೆ ಸಿಕ್ಕಿ ಸೊಂಟದ ಹೊಲಿಗೆ ಬಿಚ್ಚಿತು.

ಮೇಡಂ ಪ್ರತಿಯನ್ನು ಮೇಷ್ಟ್ರ ಕೈಗಿಟ್ಟು ಬಾಗಿಲವರೆಗೆ ಹೋದರು. ಅಲ್ಲಿ ನಿಂತರು.

"ಅಂದ ಹಾಗೆ, ಆ 'ಓದಿ ನೋಡ್ತೀನಿ' ಅನ್ನೋದನ್ನ ಅವಳಿಗೆ ಹೇಳಿಕೊಟ್ಟಿದ್ದು ಯಾರು?"

ಮೇಷ್ಟ್ರು ಪ್ರತಿಯ ಹಿಂದೆ ಮುಖ ಅಡಗಿಸಿದರು. ಪ್ರತಿ ಚಿಕ್ಕದಿತ್ತು, ಮುಖ ದೊಡ್ಡದಿತ್ತು. "ನಾನೇ ಮೇಡಂ."

"ಸರಿಯಾಗಿಲ್ಲ." ಮೇಡಂ ಒಂದು ಬೆರಳಿನಿಂದ ಕನ್ನಡಕ ಮೇಲೇರಿಸಿದರು. "ಇನ್ನೂ ಸ್ವಲ್ಪ ಎಳೀಬೇಕು. ಓ......ದಿ. ನಾನು ಹೇಳೋದು ಹಾಗೆ."