ಸಂಬಂಧವಿಲ್ಲದವರು

ಹಳೆಯ ಬೀದಿಗೆ ಹೊಸ ಜೀವ ತುಂಬುವ ಸಂಘದ ಸಭೆಗಳು ಹಾಸಿಗೆ ಅಂಗಡಿಯಲ್ಲಿ ನಡೆಯುತ್ತಿದ್ದವು. ಹತ್ತಾರು ಮಂದಿ ಒಟ್ಟಿಗೆ ಕೂರುವಷ್ಟು ಜಾಗ ಆ ಬೀದಿಯಲ್ಲಿ ಬೇರೆಲ್ಲೂ ಇರಲಿಲ್ಲ. ಅಂಗಡಿಯ ಒಡತಿಯನ್ನು ಎಲ್ಲರೂ ಹಾಸಿಗೆ ಅಕ್ಕ ಎನ್ನುತ್ತಿದ್ದರು. ಮಾರಾಟಕ್ಕಿಟ್ಟ ಹಾಸಿಗೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಅವಳು ಸದಸ್ಯರನ್ನು ಕೂರಿಸುತ್ತಿದ್ದಳು. ಕೂತವರು ಒರಗುತ್ತಿದ್ದರು, ಒರಗಿದವರು ಮಲಗುತ್ತಿದ್ದರು. ದೀಪದ ಕಂಬ, ಚರಂಡಿ ಮುಚ್ಚಳ, ಯಾವ ಗೋಡೆಗೆ ಯಾವ ಬಣ್ಣ ಎಂಬ ಜಗಳ ಎಲ್ಲ ಮುಗಿದು ಲೆಕ್ಕದ ಸರದಿ ಬರುವಾಗ ಎಚ್ಚರವಿರುತ್ತಿದ್ದವರು ಇಬ್ಬರೇ: ಲೆಕ್ಕ ಓದುವ ಅಧ್ಯಕ್ಷರು, ಹಾಸಿಗೆ ಹಾಳಾಗದಂತೆ ಕಾಯುವ ಅಕ್ಕ.

‘ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದು ಅಧ್ಯಕ್ಷರು ಕೇಳುತ್ತಿದ್ದರು. ಮೂಲೆಯಿಂದ ಒಂದು ಗೊರಕೆ ಕೇಳುತ್ತಿತ್ತು. ‘ಸರ್ವಾನುಮತದ ಒಪ್ಪಿಗೆ’ ಎಂದು ಬರೆಯಲಾಗುತ್ತಿತ್ತು.

ಅಧ್ಯಕ್ಷರದು ಟೈಲ್ಸ್ ಅಂಗಡಿ, ಹಾಗಾಗಿ ಬೀದಿಗೆಲ್ಲ ಸಾಹುಕಾರರು. ಕೆಟ್ಟ ಮನುಷ್ಯರಲ್ಲ. ಯಾರ ಮನೆಯ ಕಷ್ಟಕ್ಕೂ ಮೊದಲು ಓಡುವವರು. ಓಡಿದ್ದನ್ನು ಆಮೇಲೆ ಊರಿಗೆಲ್ಲ ಹೇಳುವವರು. ಅವರ ಓಡಾಟದಿಂದಲೇ ಒಂದು ಸಂಸ್ಥೆ ಬೀದಿಯ ಕಾಲುದಾರಿಗೆ ಟೈಲ್ಸ್ ಹಾಸಲು ಹಣ ಕೊಟ್ಟಿತ್ತು. ಅರ್ಧ ಬೀದಿಗೆ ಹಾಸಿದ್ದೂ ಆಯಿತು. ಉಳಿದರ್ಧಕ್ಕೆ ಹಣ ಬಿಡುಗಡೆಯಾಗುವ ಮೊದಲು ಸಂಸ್ಥೆಯವರು ಒಂದು ಷರತ್ತು ಹಾಕಿದರು: ಪದಾಧಿಕಾರಿಗಳ ಸಂಬಂಧಿಕರಲ್ಲದ ಸದಸ್ಯರೊಬ್ಬರು ಲೆಕ್ಕ ನೋಡಿ ಸಹಿ ಹಾಕಬೇಕು.

ಸಾಹುಕಾರರು ಸಭೆಯತ್ತ ಕಣ್ಣಾಡಿಸಿದರು. ಖಜಾಂಚಿ ಅವರ ಭಾವಮೈದ. ಕಾರ್ಯದರ್ಶಿ ಷಡ್ಡಕ. ಉಪಾಧ್ಯಕ್ಷರು ಸೋದರಮಾವ. ಬಣ್ಣದ ಉಸ್ತುವಾರಿ ನಾದಿನಿಯದು. ಕಡೆಗೆ ಅವರ ನೋಟ ಹಾಸಿಗೆ ಅಕ್ಕನ ಮೇಲೆ ನಿಂತಿತು.

“ಅಕ್ಕ, ನೀವು ನಮಗೆ ಏನೂ ಆಗಬೇಕಾಗಿಲ್ಲ ಅಲ್ವಾ?”

“ಏನೂ ಆಗಬೇಕಾಗಿಲ್ಲ. ದೇವರು ಅಷ್ಟರಮಟ್ಟಿಗೆ ಕಾಪಾಡಿದ್ದಾನೆ.”

ಮಲಗಿದ್ದವರೂ ಎದ್ದು ನಕ್ಕರು. ಬಿಲ್ಲುಗಳ ಕಟ್ಟು ಅಕ್ಕನ ಕೈಗೆ ಬಂತು.

ಅದೇ ವಾರ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಅಕ್ಕನ ಮಗಳು ಒದ್ದೆ ತಲೆಯಲ್ಲೇ ಬಂದು, “ಅಮ್ಮ, ನಾನು ಮದುವೆ ಆದ್ರೆ ಸಾಹುಕಾರ್ರ ಮಗನ್ನೇ” ಅಂದಳು.

ಅಕ್ಕ ಹತ್ತಿ ತುಂಬುತ್ತಿದ್ದ ಕೈ ನಿಲ್ಲಿಸಿದಳು. “ಅದಕ್ಕೇ ಅವನು ವಾರಕ್ಕೊಂದು ದಿಂಬು ಕೊಂಡ್ಕೊಂಡು ಹೋಗ್ತಿದ್ದದ್ದು!”

“ಇರೋದು ಒಂದು ತಲೆ. ಅಷ್ಟು ದಿಂಬು ಯಾಕೆ ಅಂತ ನಂಗೆ ಆವತ್ತೇ ಅನುಮಾನ” ಎಂದರು ಕಿಟಕಿ ಬಳಿ ಹೊಲಿಯುತ್ತಿದ್ದ ಅಕ್ಕನ ಅತ್ತೆ. “ಹುಡುಗ ಹೇಗೋ ಏನೋ. ದಿಂಬಿಗೆ ಚೌಕಾಸಿ ಮಾಡದವನು ಒಂದೋ ಸಾಧು, ಇಲ್ಲಾ ದಡ್ಡ.”

“ಅಜ್ಜಿ!”

“ಇಬ್ಬರ ಜೊತೇಲೂ ಸಂಸಾರ ಮಾಡಬಹುದು ಕಣೇ. ಕಳ್ಳನ ಜೊತೆ ಕಷ್ಟ.”

ಅಕ್ಕ ಬಿಲ್ಲುಗಳ ಕಟ್ಟನ್ನು ಆವತ್ತೇ ಬಿಚ್ಚಿದಳು. ಟೈಲ್ಸ್ ಎಲ್ಲವೂ ಸಾಹುಕಾರರ ಅಂಗಡಿಯದೇ. ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಆದರೆ ಅದೇ ಬೂದುಬಣ್ಣದ ಟೈಲ್ಸನ್ನು ಅದೇ ತಿಂಗಳು ಅವಳೂ ತನ್ನ ಹಿತ್ತಲಿಗೆ ಕೊಂಡಿದ್ದಳು. ಒಂದಿಷ್ಟೇ ಕೊಂಡ ಅವಳಿಗಿಂತ, ಲಾರಿಗಟ್ಟಲೆ ಕೊಂಡ ಸಂಘಕ್ಕೆ ಒಂದೂವರೆ ಪಟ್ಟು ಬೆಲೆ ಬಿದ್ದಿತ್ತು.

ಮರುದಿನ ಸಾಹುಕಾರರೇ ಬಂದರು. ಬಾಗಿಲಿನಿಂದಲೇ, “ಏನು ಬೀಗಿತ್ತಿ!” ಎಂದು ಕೂಗಿದರು.

“ಇನ್ನೂ ಆಗಿಲ್ಲವಲ್ಲ.”

“ಅದಕ್ಕೇ ಅವಸರ. ಬೀಗರಾದ ಮೇಲೆ ನೀವು ಸಹಿ ಹಾಕೋ ಹಾಗಿಲ್ಲ. ಇವತ್ತು ಸಹಿ ಹಾಕಿಬಿಡಿ, ನಾಳೆ ಮದುವೆ ಮಾತಾಡೋಣ.”

“ಹಾಕದೇ ಇದ್ರೆ?”

“ನಮ್ಮನ್ನ ನಂಬದ ಮನೆಯಿಂದ ಸೊಸೆ ತರೋದು ಹೇಗೆ, ಅಕ್ಕ?” ಸಾಹುಕಾರರು ನಗುತ್ತಲೇ ಅಂದರು. ನಗು ಹತ್ತಿಯಂತಿತ್ತು; ಒಳಗೊಂದು ಸೂಜಿಯಿತ್ತು.

ಅವರು ಹೋದ ಮೇಲೆ ಮಗಳು ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಿಲ್ಲುಗಳನ್ನು ತಿರುವಿ ನೋಡಿ, “ಅಮ್ಮ, ಇದು ಅವನ ಅಕ್ಷರ” ಎಂದಳು. ಮುಖ ಬಾಡಿತ್ತು.

“ಹಾಗಾದ್ರೆ ಅವನನ್ನೇ ಕರಿ.”

ಹುಡುಗ ಬಂದ. ಅಭ್ಯಾಸಬಲದಿಂದ ದಿಂಬಿನ ರಾಶಿಯ ಕಡೆ ನಡೆದ.

“ದಿಂಬು ಸಾಕು, ಕೂತ್ಕೋ” ಎಂದಳು ಅಕ್ಕ. “ಒಂದೇ ಟೈಲ್ಸು. ನಂಗೊಂದು ರೇಟು, ಬೀದಿಗೊಂದು ರೇಟು. ಬರೆದೋರು ಯಾರಪ್ಪ?”

“ನಾನೇ.”

“ಗೊತ್ತಿದ್ದೂ ಬರೆದ್ಯಾ?”

ಹುಡುಗ ಅಕ್ಕನ ಮಗಳ ಕಡೆ ನೋಡಿದ.

“ಅಲ್ಲೇನೂ ಉತ್ತರ ಸಿಗಲ್ಲ. ನನ್ನನ್ನ ನೋಡಿ ಹೇಳು.”

“ಗೊತ್ತಿತ್ತು. ಅಪ್ಪ ಹೇಳಿದ್ರು, ಬರೆದೆ. ಸಂಘದ ದುಡ್ಡು ತಾನೆ, ಯಾರ ಮನೇದೂ ಅಲ್ವಲ್ಲ ಅಂತ...”

“ಆ ಕಡೆ ಅರ್ಧ ಬೀದಿಯೋರು ಇನ್ನೂ ಕೆಸರಲ್ಲೇ ನಡೀತಿದಾರಲ್ಲ, ಅವರ ಮನೇದು” ಎಂದಳು ಮಗಳು. ಈಜು ಕಲಿಸುವವಳ ದನಿ, ಅಂಗಡಿಯೆಲ್ಲ ಮೊಳಗಿತು.

ಹುಡುಗ ತಲೆ ತಗ್ಗಿಸಿದ. ಅಕ್ಕನಿಗೆ ಅವನ ಮೇಲೆ ಸ್ವಲ್ಪ ಕರುಣೆಯೂ ಬಂತು, ಸ್ವಲ್ಪ ಸಮಾಧಾನವೂ ಆಯಿತು. ಸುಳ್ಳು ಹೇಳಲಿಲ್ಲ. ಆದರೆ ಕೇಳಿದಾಗ ಸುಳ್ಳು ಹೇಳದವನು ಬೇರೆ, ಕೇಳುವ ಮೊದಲೇ ನಿಜ ಹೇಳುವವನು ಬೇರೆ ಎಂಬುದು ಅವಳಿಗೆ ಗೊತ್ತಿತ್ತು. ಮಗಳು ಬಾಳಬೇಕಾದದ್ದು ಇವರಿಬ್ಬರಲ್ಲಿ ಯಾರ ಜೊತೆ ಎಂಬುದೊಂದೇ ಈಗ ಅವಳ ಚಿಂತೆ. “ಭಾನುವಾರ ಸಭೆ ಇದೆ” ಎಂದಷ್ಟೇ ಹೇಳಿ ಕಳಿಸಿದಳು.

ಭಾನುವಾರ ಅಕ್ಕ ಲೆಕ್ಕದ ವಿಷಯವನ್ನೇ ಮೊದಲಿಗಿಟ್ಟಳು. ಯಾರಿಗೂ ಒರಗಲು ಪುರಸೊತ್ತಾಗಲಿಲ್ಲ.

“ನೋಡಿ, ನನ್ನ ಮಗಳೂ ಸಾಹುಕಾರ್ರ ಮಗನೂ ಮದುವೆ ಆಗಬೇಕು ಅಂತಿದಾರೆ. ಆಗುತ್ತೋ ಬಿಡುತ್ತೋ, ಈ ಲೆಕ್ಕಕ್ಕೆ ಸಹಿ ಹಾಕೋಕೆ ನಾನು ಲಾಯಕ್ಕಿಲ್ಲ. ದುಡ್ಡು ಕೊಟ್ಟೋರು ಅವರ ಕಡೆಯವರನ್ನೇ ಕಳಿಸಲಿ ಅಂತ ಬರೆದಿದ್ದೀನಿ. ಅವರು ಬರೋ ಮುಂಚೆ, ನಾನು ಕಂಡದ್ದನ್ನ...”

“ನಾನು ಹೇಳ್ತೀನಿ” ಎಂದು ಹುಡುಗ ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದ.

ಅಪ್ಪನ ಕಡೆ ಒಮ್ಮೆ ನೋಡಿದ. ಆದರೆ ನಿಲ್ಲಿಸಲಿಲ್ಲ. ಅಂಗಡಿಯ ರೇಟು ಎಷ್ಟು, ತಾನು ಬರೆದ ರೇಟು ಎಷ್ಟು, ಹೆಚ್ಚಾಗಿ ಬಂದ ಹಣದಲ್ಲಿ ಉಳಿದ ಬೀದಿಗೆ ಎಲ್ಲಿಯ ತನಕ ಟೈಲ್ಸ್ ಹಾಸಬಹುದಿತ್ತು ಎಲ್ಲವನ್ನೂ ಹೇಳಿದ. “ಬೇಕರಿ ದಾಟಿ, ಕ್ಷೌರದ ಅಂಗಡಿ ತನಕ ಬರುತ್ತೆ.”

ಷಡ್ಡಕರು ಚಾವಣಿ ನೋಡಿದರು. ಭಾವಮೈದ ಷಡ್ಡಕರನ್ನು ನೋಡಿದ. ಸೋದರಮಾವ ಮಾತ್ರ, “ಅಯ್ಯೋ, ನನ್ನ ಮನೆ ಬೇಕರಿ ಪಕ್ಕದಲ್ಲೇ ಇರೋದು! ಮೊನ್ನೆ ಜಾರಿ ಬಿದ್ದೆನಲ್ಲೋ!” ಎಂದು ಸೊಂಟ ಹಿಡಿದುಕೊಂಡೇ ಎದ್ದರು.

ಸಾಹುಕಾರರು ಕೆಂಪಾದರು. “ಅದು... ಅದನ್ನ ಮುಂಗಡ ಅಂತ ಇಟ್ಕೊಂಡಿದ್ದೆ. ಹಾಸಿಕೊಡೋದೇ ಇತ್ತು.”

“ಹಾಗಾದ್ರೆ ಸೋಮವಾರ ಶುರು ಮಾಡಿ” ಎಂದಳು ಅಕ್ಕ. “ಮುಂಗಡ ಅನ್ನೋ ಮಾತನ್ನೂ ಬರೀಲಿ, ನಿಮ್ಮ ಮಗ ಹೇಳಿದ್ದನ್ನೂ ಬರೀಲಿ. ಸಂಸ್ಥೆಯಿಂದ ಬರೋರು ಎರಡನ್ನೂ ಓದ್ಕೊಳ್ಳಲಿ.”

ಸಾಹುಕಾರರು ಮಗನ ಕಡೆ ತಿರುಗಿ, “ನಾಳೆಯಿಂದ ಅಂಗಡಿ ಮೆಟ್ಟಿಲು ಹತ್ತಬೇಡ” ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಸೋಮವಾರ ಬೆಳಿಗ್ಗೆ ಹುಡುಗ ಒಂದು ಚೀಲ ಹಿಡಿದು ಅಕ್ಕನ ಮುಂದೆ ನಿಂತ. ಅಕ್ಕ ಏನೂ ಕೇಳದೆ ಅವನನ್ನು ಹತ್ತಿ ಬಿಡಿಸಲು ಕೂರಿಸಿದಳು. ಮಧ್ಯಾಹ್ನಕ್ಕೆ ಮೂಗು, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ಕೂತಿದ್ದ.

“ಮದುವೆಗೆ ಮುಂಚೇನೇ ಮುದುಕ ಆದ್ನಲ್ಲೇ” ಎಂದರು ಅತ್ತೆ. ಮಗಳು ಆವತ್ತು ಮೊದಲ ಸಲ ನಕ್ಕಳು.

ಟೈಲ್ಸ್ ಅಂಗಡಿಯಲ್ಲಿ ಮೂರು ದಿನ ಸಾಹುಕಾರರು ಒಬ್ಬರೇ ಒದ್ದಾಡಿದರು. ಯಾವ ಮಾಲು ಯಾವ ಮೂಲೆಯಲ್ಲಿದೆ ಎಂಬುದು ಮಗನಿಗಷ್ಟೇ ಗೊತ್ತು. ನಾಲ್ಕನೆಯ ದಿನ ಹಾಸಿಗೆ ಅಂಗಡಿಯ ಹೊಸ್ತಿಲಲ್ಲಿ ಬಂದು ನಿಂತರು. ಪ್ಯಾಂಟಿಗೆಲ್ಲ ಸಿಮೆಂಟು ಹತ್ತಿತ್ತು. ಬೇಕರಿಯ ಮುಂದೆ ಕೆಲಸ ಶುರುವಾಗಿತ್ತು.

“ಅಕ್ಕ, ನನ್ನ ಮಗನ್ನ ವಾಪಸ್ ಕೊಡಿ.”

“ಒಬ್ಬನ್ನೇ ಕೊಡೋಕಾಗಲ್ಲ ಸಾಹುಕಾರ್ರೇ. ಇನ್ನು ಏನಿದ್ರೂ ಜೋಡಿ.”

ಸಾಹುಕಾರರು ಒಳಗೆ ಇಣುಕಿದರು. ಹತ್ತಿಯಲ್ಲಿ ಮುಳುಗಿದ್ದ ಮಗನನ್ನು, ಅವನ ಹುಬ್ಬಿನ ಹತ್ತಿ ತೆಗೆಯುತ್ತಿದ್ದ ಹುಡುಗಿಯನ್ನು ನೋಡಿದರು.

“ಈ ಹುಡುಗಿಗೆ ಜೋರು ದನಿ ಅಂತೆ?”

“ಜೋರೇ” ಎಂದಳು ಅಕ್ಕ.

“ಇರಲಿ” ಎಂದು ಸಾಹುಕಾರರು ನಿಟ್ಟುಸಿರುಬಿಟ್ಟು ಚಪ್ಪಲಿ ಕಳಚಿದರು. “ನಮ್ಮನೇಲಿ ಒಬ್ಬರಾದ್ರೂ ಗಟ್ಟಿಯಾಗಿ ಮಾತಾಡಲಿ.”