ದಾರಿ ಕಟ್ಟಿದ ಗುನ್ನೆ

"ಏ ಬೋಸಡಿ, ಕಣ್ಣ ತಗದ ನೋಡು. ಯಾರಿದು? ನಿಮ್ಮವ್ವನೇನು?"

ಸೋಮೇಶ ಹವಾಲ್ದಾರ ಮರಾಠಿ ಪೇಪರನ್ನು ನೀಲಗಂಗಾಳ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಿದ. ಪೇಪರಿನಲ್ಲಿ ಅವಳದೇ ಫೋಟೊ. ಹೂವಿನ ಹಾರ ಹಾಕಿಕೊಂಡ ಅಂಬುಲೆನ್ಸಿನ ಮುಂದೆ ಸೆರಗು ಹೊದ್ದು, ಕೈಮುಗಿದು ಮೊಣಕಾಲೂರಿದ್ದಳು.

"ನಾನಽ ಅದೀನ್ರಿ ಸಾಹೇಬ್ರ."

"ಪೂಜಾ ಮಾಡಿದಾಕಿ ನೀನಽ, ಕಾಯಿ ಒಡದಾಕಿ ನೀನಽ. ಈಗ ಅದಽ ಗಾಡಿ ನನ್ನ ಗಂಡಗ ಹೊಡೀತು ಅಂತ ತಕ್ರಾರ ಕೊಡಾಕ ಬಂದಾಕಿನೂ ನೀನಽ. ನಾ ಇಲ್ಲಿ ಕತ್ತಿ ಕಾಯಾಕ ಕುಂತೀನೇನು?"

"ಆವಾಗ ನನಗ ಗೊತ್ತಿದ್ದಿಲ್ರಿ..."

"ಗೊತ್ತಿಲ್ಲಂದ್ರ ಬಾಯಿ ಮುಚ್ಚಿಕೊಂಡು ಹೋಗು. ಅಜ್ಞಾತ ವಾಹನ ಅಂತ ಕಾಗದದಾಗ ಬರದಾಗ್ಯದ. ಯಾವ ಗಾಡಿ ಹೊಡೀತು ಅನ್ನೂದು ಯಾರಿಗೂ ಗೊತ್ತಿಲ್ಲ ಅಂತ. ಕೆಳಗ ನಿನ್ನ ಹೆಬ್ಬಟ್ಟ ಅದ. ನಡಿ, ನಡಿ, ಚಾ ಕುಡಿಯೂ ಹೊತ್ತಿನಾಗ ಬರತಾವ ಇವು."

ನೀಲಗಂಗಾ ಪೊಲೀಸ್ ಚೌಕಿಯಿಂದ ಹೊರಬಿದ್ದಳು. ಬೈಗುಳಕ್ಕೆ ಅವಳಿಗೆ ಅಷ್ಟು ನೋವಾಗಲಿಲ್ಲ, ಅದು ದಿನದ ಊಟದಂತೆ ರೂಢಿಯಾಗಿತ್ತು. ನೋವಾದದ್ದು ಹವಾಲ್ದಾರ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲವೆಂದು.

ಅವಳ ಗಂಡ ಅಮೃತಪ್ಪ, ತಡವಳದ ಹೊರಕೇರಿಯವನು, ಅಕ್ಕಲಕೋಟೆಯ ಯೋಗಿರಾಜ ಶೇಠರ ಅಡತಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ತೊಗರಿ ಚೀಲ ಹೊತ್ತ ಹಮಾಲ. ನೀಲಗಂಗಾ ಅದೇ ಅಂಗಡಿಯ ಅಂಗಳ ಗುಡಿಸಿ ಕಾಳು ಕೇರುವವಳು. ಶೇಠರಿಗೆ ಅಂಗಡಿಯ ಜೊತೆಗೆ ಒಂದು ಧರ್ಮಾರ್ಥ ಟ್ರಸ್ಟಿತ್ತು, ಟ್ರಸ್ಟಿಗೆ ಒಂದು ಅಂಬುಲೆನ್ಸಿತ್ತು. ಅದರ ಮೈತುಂಬ ಶೇಠರ ಅಪ್ಪ, ಅಜ್ಜ, ಮುತ್ತಜ್ಜರ ಹೆಸರುಗಳಿದ್ದವು. ದವಾಖಾನೆಯ ಗಾಡಿಯೆಂದು ತಿಳಿಸುವ ಕೆಂಪು ಗುರುತಿಗೆ ಹಿಂದಿನ ಬಾಗಿಲ ಮೂಲೆಯಲ್ಲಿ ಅಂಗೈಯಗಲ ಜಾಗ ಸಿಕ್ಕಿತ್ತು.

ಹನ್ನೊಂದು ದಿನದ ಹಿಂದೆ ಅಮೃತಪ್ಪ ಸೈಕಲ್ ಮೇಲೆ ಅಂಗಡಿಗೆ ಹೊರಟಿದ್ದ. ಅವನು ದಾರಿಯಲ್ಲಿ ಬಿದ್ದಿದ್ದನಂತೆ, ಶೇಠರ ಅಂಬುಲೆನ್ಸು ಕಂಡು ಎತ್ತಿಕೊಂಡು ಸೊಲ್ಲಾಪುರದ ದವಾಖಾನೆಗೆ ಒಯ್ದಿದೆಯಂತೆ ಎಂದು ಸುದ್ದಿ ಬಂತು. ನೀಲಗಂಗಾ ಎಸ್ಟಿ ಬಸ್ಸು ಹಿಡಿದು ಓಡಿದಳು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯುವುದಿಲ್ಲ, ಜೀವ ಉಳಿಯುತ್ತದೆ, ಇನ್ನರ್ಧ ತಾಸು ತಡವಾಗಿದ್ದರೆ ಅದೂ ಇಲ್ಲ ಎಂದರು ಡಾಕ್ಟರು.

ಅವಳ ಕೇರಿಯಲ್ಲಿ ಒಂದು ಪದ್ಧತಿಯಿದೆ. ಜೀವ ಉಳಿಸಿದ್ದು ಏನೇ ಇರಲಿ, ಅದನ್ನು ಪೂಜೆ ಮಾಡದೆ ಕಳಿಸುವಂತಿಲ್ಲ. ಬಾವಿಗೆ ಬಿದ್ದವನನ್ನು ಮೇಲೆತ್ತಿದ ಹಗ್ಗಕ್ಕೂ ಕುಂಕುಮ ಹಚ್ಚುತ್ತಾರೆ. ನೀಲಗಂಗಾ ದವಾಖಾನೆಯ ನಳದಿಂದ ಬಕೀಟು ತುಂಬಿಕೊಂಡು ಬಂದು ಅಂಬುಲೆನ್ಸನ್ನು ತೊಳೆದಳು. ಮುಂದಿನ ಬಂಪರಿಗೆ ರಕ್ತ ಒಣಗಿ ಅಂಟಿತ್ತು. ದೇವರಂಥ ಗಾಡಿಗೆ ಮೈಲಿಗೆ ಉಳಿಯಬಾರದೆಂದು ಸೆರಗಿನಿಂದ ತಿಕ್ಕಿದಳು, ಸಂದಿಯಲ್ಲಿದ್ದುದನ್ನು ಉಗುರಿನಿಂದ ಕೆರೆದಳು. ಬಂಪರು ತಗ್ಗು ಬಿದ್ದಲ್ಲಿ ಅರಿಶಿಣ ಮೆತ್ತಿ ಕುಂಕುಮವಿಟ್ಟು, ಹೂವಿನ ಹಾರ ಹಾಕಿದಳು. ಒಳಗೆ ಮಲಗಿಸಿ ತಂದವನ ರಕ್ತ ಗಾಡಿಯ ಮೂತಿಗೆ ಯಾಕೆ ಹತ್ತಿತು ಎಂದು ಕೇಳುವ ಬುದ್ಧಿ ಅಂಥ ಹೊತ್ತಿನಲ್ಲಿ ಯಾರಿಗಿರುತ್ತದೆ? ಅವಳಿಗೂ ಇರಲಿಲ್ಲ.

ಕಾಯಿ ಒಡೆದು ಡ್ರೈವರ ತುಕಾರಾಮನ ಕಾಲಿಗೆ ಬೀಳಲು ಹೋದಾಗ ಅವನು ಕೆಂಡ ತುಳಿದವನಂತೆ ಹಿಂದೆ ಹಾರಿದ. "ಬ್ಯಾಡ ಅಕ್ಕಾ, ಬ್ಯಾಡ, ಬ್ಯಾಡ," ಎಂದ. ಎಂಥ ಸಾದಾ ಮನುಷ್ಯ ಎಂದುಕೊಂಡಳು. ಟ್ರಸ್ಟಿನವರು ಫೋಟೊ ಹೊಡೆದುಕೊಂಡರು. ಸಂಜೆ ಹವಾಲ್ದಾರ ಬಂದು ಮರಾಠಿ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ.

ನಾಲ್ಕನೆಯ ದಿನ ಅಮೃತಪ್ಪನಿಗೆ ಪೂರ್ತಿ ಎಚ್ಚರವಾಯಿತು.

"ಶೇಠನ ಗಾಡೀನಽ ಹೊಡೀತು," ಎಂದ. "ಸೈರನ್ ಭೋಂಗಾ ಒದರಿಸ್ಕೋತ ರಾಂಗ್ ಸೈಡಿಗಿ ಬಂತು. ನಾ ಸೈಕಲ್ ಕೆಳಗ ಇಳಿಸಿ ಮಣ್ಣಾಗ ನಿಂತಿದ್ದೆ. ಅಲ್ಲಿಗೇ ಬಂದು ಹೊಡೀತು."

"ಒಳಗ ಪೇಶಂಟ್ ಇದ್ರೇನು?"

"ಪೇಶಂಟ್ ಎಲ್ಲಿ ಬಂದ್ರು? ಶೇಂಗಾ ಹೋಳಿಗಿ ಬುಟ್ಟಿ ಇದ್ವು. ಸೊಲ್ಲಾಪುರದಾಗ ಶೇಠನ ಮಗಳದು ಸಾಖರಪುಡಾ ಇತ್ತಲ್ಲ. ನನಗ ಆ ಬುಟ್ಟಿ ನಡುವಽ ಮಲಗಿಸಿದ್ರು. ಮೊದಲ ಬೀಗರ ಮನಿಗಿ ಹೋಗಿ ಹೋಳಿಗಿ ಇಳಿಸಿ, ಆಮ್ಯಾಲ ನನಗ ಇಳಿಸಿದ್ರು."

ಶೇಠರ ಮಗಳ ನಿಶ್ಚಿತಾರ್ಥ. ಬೀಗರ ಎಲೆಗೆ ಹೋಳಿಗೆ ಆರಿ ಬೀಳಬಾರದು. ಅದೂ ತುರ್ತು ಸಂಗತಿಯೇ. ನೀಲಗಂಗಾ ತನ್ನ ಉಗುರುಗಳನ್ನು ನೋಡಿಕೊಂಡಳು. ಮೈಯೆಲ್ಲ ಉರಿಯಿತು. ಸಾಕ್ಷಿ ತೊಳೆದವಳು ತಾನೇ ಎಂಬ ನಾಚಿಕೆ ಆ ಉರಿಗಿಂತ ದೊಡ್ಡದಾಗಿತ್ತು.

ಚೌಕಿಯಲ್ಲಿ ಬೈಸಿಕೊಂಡ ಮರುದಿನ ಅವಳು ಸೊಲ್ಲಾಪುರದ ವಕೀಲ ಚಂದ್ರಶೇಖರರ ಆಫೀಸಿಗೆ ಹೋದಳು. ಅಲ್ಲಿನ ಕಾರಕೂನ ಉಳಿದವರಿಗೆಲ್ಲ ಸ್ಟೀಲಿನ ಗ್ಲಾಸಿನಲ್ಲಿ ನೀರು ಕೊಟ್ಟ. ಅವಳ ಊರು, ಅಡ್ಡಹೆಸರು ಕೇಳಿದ ಮೇಲೆ ಹೊರಗೆ ನಳ ಇದೆ ಎಂದು ಬೆರಳು ತೋರಿಸಿದ. ವಕೀಲರು ಮಾತ್ರ ಭಾಳ ಮೃದು ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡರು.

"ನೋಡ್ರಿ ಬಾಯಿ, ಕಾಯ್ದೇದಾಗ ದಾರಿ ಭಾಳ ಅವ. ಭೋಂಗಾ ಹಾಕಿದ ಗಾಡಿಗಿ ಮುಂದ ಹೋಗೂ ಹಕ್ಕದ, ಮಂದಿ ಮ್ಯಾಲ ಹೋಗೂ ಹಕ್ಕಿಲ್ಲ. ಡ್ರೈವರನ ಮ್ಯಾಲ ಫೌಜದಾರಿ ಕೇಸ್ ಆಗತದ. ಟ್ರಸ್ಟಿನ ಮ್ಯಾಲ, ವಿಮಾ ಕಂಪನಿ ಮ್ಯಾಲ ನುಕಸಾನಿ ದಾವಾ ಆಗತದ. ಅದನ್ನ ಆರ ತಿಂಗಳೊಳಗ ಹಾಕಬೇಕು. ಹವಾಲ್ದಾರ ತಕ್ರಾರ ತಗೊಳ್ಳಲಿಲ್ಲಂದ್ರ ಎಸ್ಪಿ ಸಾಹೇಬ್ರಿಗಿ ಪೋಸ್ಟಿನಾಗ ಕಳಸೂದು. ಅಲ್ಲೂ ಆಗಲಿಲ್ಲಂದ್ರ ಕೋರ್ಟಿಗಿ ಅರ್ಜ ಕೊಡೂದು."

"ಹಂಗಾರ ಎಲ್ಲಾ ಹಾಕಿಬಿಡ್ರಿ ಸಾಹೇಬ್ರ."

"ಹಾಕೂಣು. ಖರೆ ಎಲ್ಲಾಕೂ ಒಂದು ಬುಡ ಬೇಕಲ್ಲ. ಪೊಲೀಸ್ ಕಾಗದದಾಗ ಆ ಗಾಡಿ ನಂಬರ ಬರಬೇಕು. ಈಗ ಅಲ್ಲಿ ಅಜ್ಞಾತ ಅಂತ ಅದ, ನಿಮ್ಮ ಹೆಬ್ಬಟ್ಟ ಅದ, ಪೇಪರನ್ಯಾಗ ನಿಮ್ಮ ಪೂಜಾ ಅದ. ಎಸ್ಪಿ ಆಫೀಸಿನವರೂ ತಿರುಗಿ ಹವಾಲ್ದಾರಗಽ ಕೇಳತಾರ." ವಕೀಲರು ದನಿ ತಗ್ಗಿಸಿದರು. "ಅಜ್ಞಾತ ವಾಹನ ಹೊಡದವರ ಸಲುವಾಗಿ ಸರಕಾರದ್ದು ಬ್ಯಾರೆ ಯೋಜನಾ ಒಂದದ. ರೊಕ್ಕ ಥೋಡೆ ಸಿಗತದ, ಖರೆ ತಂಟೆ ಇಲ್ಲ. ಅದರಾಗ ಯಾರದೂ ತಪ್ಪಿರೂದಿಲ್ಲ."

"ಯಾರದೂ ತಪ್ಪಿಲ್ಲಂದ್ರ ನನ್ನ ಗಂಡನ ಕಾಲ ತಾನಽ ಕಳಚಿ ಬಿತ್ತೇನ್ರಿ?"

ವಕೀಲರು ಆ ಯೋಜನೆಯ ಫಾರ್ಮನ್ನು ಅವಳ ಮುಂದೆ ಸರಿಸಿದರು.

ಬುಧವಾರ ಶೇಠರು ಅವಳನ್ನು ಅಂಗಡಿಗೆ ಕರೆಸಿದರು. ಗಾದಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅವಳು ಮೆಟ್ಟಿಲ ಕೆಳಗೆ ನಿಂತಳು.

"ನಾಳಿ ಗುರುವಾರ ಅಂಗಡಿ ಮುಂದ ತುಕಾರಾಮನ ಸತ್ಕಾರ ಇಟ್ಟೀವಿ. ನಿನ್ನ ಗಂಡನ ಜೀವ ಉಳಿಸ್ಯಾನ. ನಿನ್ನ ಕೈಲೆ ಶಾಲು ಹೊದಸಬೇಕು, ಎರಡು ಮಾತ ಛಲೋ ಆಡಬೇಕು. ಚೌಕಿ, ವಕೀಲ ಅಂತ ತಿರಗಾಕತ್ತೀ ಅಂತ ಕೇಳೀನಿ. ತಿರಗಬ್ಯಾಡ. ಅಮೃತ್ಯಾಗ ಗೋದಾಮಿನ ಮುಂದ ವಾಚ್‌ಮನ್ ಮಾಡತೀನಿ. ಕುಂತ ಕೆಲಸ. ಅದಕ್ಕ ಕಾಲ ಯಾಕ ಬೇಕು?"

ಪಕ್ಕದಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮ ನಕ್ಕ. ನಗುವುದು ಅವನ ನೌಕರಿಯಲ್ಲಿ ಸೇರಿತ್ತು.

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಕಸಬರಗಿ ಅಲ್ಲೇ ಇಟ್ಟು ಹೋಗು. ಈ ಪ್ಯಾಟ್ಯಾಗ ಯಾರ ಅಂಗಳದಾಗ ಕಾಲಿಡತಿ ನೋಡೂಣು."

"ಬರತೀನ್ರಿ," ಎಂದಳು ನೀಲಗಂಗಾ.

ಸತ್ಕಾರ ಮುಗಿದ ಕೂಡಲೇ ಅಂಬುಲೆನ್ಸು ಸೊಲ್ಲಾಪುರದ ಗ್ಯಾರೇಜಿಗೆ ಹೋಗುತ್ತದೆ, ಹೊಸ ಬಂಪರು, ಹೊಸ ಬಣ್ಣ ಎಂದು ಅಂಗಡಿಯ ಹಮಾಲರು ಹೊರಗೆ ಅವಳಿಗೆ ಹೇಳಿದರು. ಹೊಡೆದ ಗುರುತು ಉಳಿದಿದ್ದದ್ದು ಬಂಪರಿನ ಆ ಒಂದು ತಗ್ಗಿನಲ್ಲಿ ಮಾತ್ರ.

ಗುರುವಾರ ಮಧ್ಯಾಹ್ನ ಪೆಂಡಾಲು, ಮೈಕು, ಪೇಪರಿನವರು, ಬಂದೋಬಸ್ತಿಗೆ ಸೋಮೇಶ ಹವಾಲ್ದಾರ. ಅಂಬುಲೆನ್ಸಿಗೆ ಎತ್ತಿನ ಹಬ್ಬದ ಎತ್ತಿಗಿಂತ ಹೆಚ್ಚು ಹೂ. ಅದರ ಒಳಗೆ, ಪೇಶಂಟ್ ಮಲಗುವಲ್ಲಿ, ಪೆಂಡಾಲಿನ ಹೆಚ್ಚಿನ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಸೇವೆಯೇ ತಮ್ಮ ಮನೆತನದ ಉಸಿರು ಎಂದು ಶೇಠರು ಮುಕ್ಕಾಲು ತಾಸು ಮಾತಾಡಿ, ನೀಲಗಂಗಾಳ ಹೆಸರು ಕರೆದರು.

ಅವಳು ತಟ್ಟೆಯಿಂದ ಶಾಲು ತೆಗೆದುಕೊಂಡಳು. ಬಗ್ಗಿ ನಿಂತಿದ್ದ ತುಕಾರಾಮನನ್ನು ದಾಟಿ ಅಂಬುಲೆನ್ಸಿನ ಮುಂದೆ ಹೋದಳು. ಡಾಂಬರು ಕಾದಿತ್ತು, ಶಾಲನ್ನು ಅದರ ಮೇಲೆ ಹಾಸಿ ಕೂತುಬಿಟ್ಟಳು.

"ಏನ ಆಗೇದ ಈಕಿಗಿ? ಏಳು!" ಎಂದರು ಶೇಠರು.

ಏಳಲಿಲ್ಲ.

"ಏಳೇ ಸೂಳಿ! ನಾಕ ಮಂದ್ಯಾಗ ಮರ್ಯಾದಿ ತಗೀತಿ?" ಮೈಕು ಕೈಯಲ್ಲಿದ್ದುದನ್ನು ಶೇಠರು ಮರೆತಿದ್ದರು. ಸೂಳಿ ಎಂಬ ಮಾತು ಪೇಟೆಯ ತುದಿವರೆಗೂ ಕೇಳಿಸಿತು. "ತುಕಾರಾಮ, ಗಾಡಿ ಏರು! ಭೋಂಗಾ ಹಚ್ಚು!"

ತುಕಾರಾಮ ಹತ್ತಿ ಭೋಂಗಾ ಹಚ್ಚಿದ. ಗಾಡಿ ಅವಳ ಬೆನ್ನ ಹಿಂದೆ ಒದರತೊಡಗಿತು. ಇದೇ ಸದ್ದು ಅಮೃತಪ್ಪನಿಗೂ ಕೇಳಿಸಿತ್ತು, ಅವನು ಬದಿಗೆ ಸರಿದಿದ್ದ. ಅವಳು ಸರಿಯಲಿಲ್ಲ.

"ಅಂಬುಲೆನ್ಸಿಗಿ ದಾರಿ ಕಟ್ಟೂದು ಗುನ್ನೆ ಅದ!" ಶೇಠರು ಚೀರಿದರು. "ಒಳಗ ಪೇಶಂಟ್ ಇದ್ದಿದ್ರ ಗತಿ ಏನು? ಸೋಮೇಶ, ಬರಕೊ! ಹಾಕು ಕೇಸು!"

ಕುರ್ಚಿಗಳ ಜೀವಕ್ಕೆ ಬಂದ ಅಪಾಯ ಹವಾಲ್ದಾರನಿಗೂ ಅರ್ಥವಾಯಿತು. ಎರಡು ವಾರದಿಂದ ಅವಳಿಗಾಗಿ ತೆರೆಯದ ಪುಸ್ತಕ ಒಂದು ನಿಮಿಷದಲ್ಲಿ ತೆರೆಯಿತು.

"ಹೆಸರು?"

"ನೀಲಗಂಗಾ ಅಮೃತಪ್ಪ ಕಾಂಬಳೆ. ತಡವಳ."

ಬರೆದ.

"ಏನ್ ಮಾಡಿದಿ?"

"ದಾರಿ ಕಟ್ಟೀನ್ರಿ."

ಬರೆದ.

"ಯಾವ ಗಾಡೀದು ಅಂತ ಬರೀರಿ. ನಂಬರ ಹಾಕ್ರಿ. ಯಾಕ ಕಟ್ಟಿದಿ ಅಂತ ಕೇಳ್ರಿ, ಅದನ್ನೂ ಬರೀರಿ. ನನ್ನ ಗಂಡನ ಕಾಲ ಮ್ಯಾಲ ಹಾದದ್ದು ಇದಽ ಗಾಡಿ, ಅದಕ್ಕ ಕಟ್ಟೀನಿ."

ಹವಾಲ್ದಾರನ ಪೆನ್ನು ನಿಂತಿತು. ಶೇಠರು ವ್ಯಾಪಾರಸ್ಥರು, ಲಾಭ ಲುಕ್ಸಾನು ಬೇಗ ತಿಳಿಯುತ್ತದೆ. ಮೈಕು ಕೆಳಗಿಟ್ಟು ಓಡಿ ಬಂದರು.

"ಸೋಮೇಶ, ಬಿಡು, ಹರದ ಒಗಿ ಅದನ್ನ. ಬಡ ಹೆಣ್ಮಗಳು, ದುಃಖದಾಗ ಅದಾಳ. ಮಾಫ್ ಮಾಡೂಣು."

"ಮಾಫಿ ಬ್ಯಾಡ್ರಿ ಶೇಠ್ರ. ಗುನ್ನೆ ಮಾಡೀನಿ, ಎಲ್ಲಾರೂ ನೋಡ್ಯಾರ, ಪೇಪರಿನವರೂ ನೋಡ್ಯಾರ. ಕೇಸ್ ಹಾಕೂತನಾ ನಾ ಏಳೂದಿಲ್ಲ."

ಗುಂಪಿನಲ್ಲಿದ್ದ ಹಮಾಲನೊಬ್ಬ ಮುಂದೆ ಬಂದು, ಹೂವಿನ ಹಾರ ಸರಿಸಿ, ಗಾಡಿಯ ನಂಬರನ್ನು ಗಟ್ಟಿಯಾಗಿ ಓದಿದ. ಭೋಂಗಾದ ಸದ್ದಿನಲ್ಲಿ ಕೇಳಿಸದಿದ್ದೀತೆಂದು ಮತ್ತೊಬ್ಬ ಮತ್ತೊಮ್ಮೆ ಓದಿದ. ಶೇಠರು ಹವಾಲ್ದಾರನ ಮುಖ ನೋಡಿದರು. ಹವಾಲ್ದಾರ ಶೇಠರ ಮುಖ ನೋಡಿದ. ಭೋಂಗಾ ಆರಿಸುವುದು ಯಾರಿಗೂ ನೆನಪಾಗಲಿಲ್ಲ.

ಅಕ್ಷರ ಬಾರದ ನೀಲಗಂಗಾ ಕೂತಲ್ಲಿಂದಲೇ ಕತ್ತೆತ್ತಿ, ಹವಾಲ್ದಾರನ ಪುಸ್ತಕದತ್ತ ಬೆರಳು ಮಾಡಿದಳು.

"ಬರೀರಿ ಸಾಹೇಬ್ರ," ಎಂದಳು. "ಮೊದಲ ಎಂ. ಆಮ್ಯಾಲ ಎಚ್."